ಖಾಲಿಗುಂಡಿಯ ನಾಲ್ಕು ಕೊಡಲಿ

ಷಡ್ಡಕನಿಗೆ ಕಲ್ಲುಕೊಡಲಿ ಸಿಕ್ಕಿದ್ದು ಉಚ್ಚೆ ಹೊಯ್ಯಲು ಹೋದಾಗ. ಪೊದೆಯ ಹಿಂದೆ ಎಡವಿ ಬಿದ್ದವನು ಎದ್ದು ನೋಡಿದರೆ ಕಾಲ ಬುಡದಲ್ಲಿ ಐದು ಸಾವಿರ ವರ್ಷದ ಕೊಡಲಿ! ಮರುವಾರ ಪತ್ರಿಕೆಯಲ್ಲಿ ಫೋಟೋ, ಮರುವರ್ಷ ಬಡ್ತಿ. ಆ ಫೋಟೋಗೆ ಕಟ್ಟು ಹಾಕಿಸಿ ಮಾವ ನಡುಮನೆಯಲ್ಲಿ ತೂಗುಹಾಕಿದರು. ಹಿರಿಯ ಅಳಿಯನಾದ ಇವನು ಆ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅದು ಎದುರಿಗೇ ಹಲ್ಲು ಕಿರಿಯುತ್ತಿತ್ತು.

ಇಬ್ಬರದೂ ಒಂದೇ ಕಚೇರಿ, ಒಂದೇ ಕೆಲಸ. ಬೇಸಿಗೆ ಬಂತೆಂದರೆ ತಂಡ ಕಟ್ಟಿಕೊಂಡು ಉತ್ತರದ ಸರೋವರಗಳ ಸೀಮೆಗೆ ಹೋಗುವುದು, ದಡದುದ್ದಕ್ಕೂ ಸಾಲಾಗಿ ಮೊಳಕಾಲುದ್ದದ ಗುಂಡಿ ತೋಡುವುದು, ಮಣ್ಣು ಜರಡಿ ಹಿಡಿದು ಆದಿಕಾಲದ ಜನ ಏನಾದರೂ ಬಿಟ್ಟುಹೋಗಿದ್ದಾರೆಯೇ ಎಂದು ಹುಡುಕುವುದು, ಮತ್ತೆ ಮುಚ್ಚುವುದು. ಇವನ ಗುಂಡಿಗಳ ಮೂಲೆ ನೋಡಿದರೆ ಬಡಗಿಯೂ ತಲೆದೂಗಬೇಕು. ಆದರೆ ಇಪ್ಪತ್ತಾರು ವರ್ಷದಲ್ಲಿ ಒಂದರಲ್ಲೂ ಏನೂ ಸಿಕ್ಕಿರಲಿಲ್ಲ. ಉಳಿದವರು ಬೆಟ್ಟ ಅಗೆದು ಇಲಿಯನ್ನಾದರೂ ಹಿಡಿದರು. ಇವನಿಗೆ ಇಲಿಯ ಬಾಲವೂ ದಕ್ಕಲಿಲ್ಲ. ತಂಡದವರು ಇವನಿಗೆ ಇಟ್ಟ ಹೆಸರು ಖಾಲಿಗುಂಡಿ.

ಹಾಗಂತ ಇವನೇನು ಸಾಮಾನ್ಯನಲ್ಲ. ತಂಡದ ಎಲ್ಲರ ಜೇಬಿನಲ್ಲೂ ಇರುವ ನಿಯಮಗಳ ಪುಸ್ತಕ ಬರೆದವನೇ ಇವನು. ಒಂದೊಂದು ಪದರದ ಮಣ್ಣೂ ಬೇರೆಬೇರೆ ಟಾರ್ಪಾಲಿನ ಮೇಲೆ. ಏನು ಸಿಕ್ಕರೂ ಗಟ್ಟಿ ತಳ ಮುಟ್ಟುವ ತನಕ ಅಗೆತ ನಿಲ್ಲಿಸುವಂತಿಲ್ಲ. ಮುಚ್ಚುವ ಮುಂಚೆ ತಳದಲ್ಲಿ ಆ ವರ್ಷದ ಹೊಸ ನಾಣ್ಯವೊಂದನ್ನು ಹಾಕಬೇಕು, ಮುಂದೆ ಅಗೆಯುವವರಿಗೆ ಇಲ್ಲಿ ಆಗಲೇ ಯಾರೋ ಅಗೆದಿದ್ದಾರೆ, ಯಾವಾಗ ಅಗೆದಿದ್ದಾರೆ ಎಂದು ತಿಳಿಯಲಿ ಅಂತ. ಈ ನಿಯಮಗಳು ಮನೆಗೂ ಬಂದಿದ್ದವು. ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು; ಹಿಟ್ಟಿಗೆ ಎರಡೆರಡು ಸಲ ಜರಡಿ. ಹಿತ್ತಲಲ್ಲಿ ಗುಲಾಬಿ ಗಿಡ ನೆಡುವಾಗಲೂ ಗುಂಡಿಗೆ ನಾಣ್ಯ ಬಿದ್ದದ್ದು ಕಂಡು ಹೆಂಡತಿ, "ಗಿಡಕ್ಕೂ ಸಂಬಳ ಕೊಡ್ತೀರಾ?" ಎಂದು ಕೇಳಿದ್ದಳು.

ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಒಂದು ಭಾನುವಾರ ಮಾವನ ಮನೆಯಲ್ಲಿ ಊಟದ ಮಧ್ಯೆ ಷಡ್ಡಕ ಬಾಯಿ ಬಿಟ್ಟ. "ಅಣ್ಣಾ, ನಿಮ್ಮ ಬೀಳ್ಕೊಡುಗೆಗೆ ಏನು ಕೊಡೋಣ ಅಂತ ಆಫೀಸಲ್ಲಿ ಈಗಲೇ ಯೋಚನೆ ಶುರುವಾಗಿದೆ. ಖಾಲಿ ಗುಂಡೀನ ಅಂತೂ ಪ್ಯಾಕ್ ಮಾಡಕ್ಕಾಗಲ್ಲ!"

ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ಉಳಿದವರ ನಗುವನ್ನು ಇವನು ಅನ್ನದ ಜೊತೆ ನುಂಗಿಕೊಂಡ. ಅವಳ ನಗು ಮಾತ್ರ ಗಂಟಲಲ್ಲೇ ನಿಂತಿತು. ಇಷ್ಟು ವರ್ಷ ಸಂಸಾರ ಮಾಡಿದವಳ ಕಣ್ಣಲ್ಲಾದರೂ ಒಮ್ಮೆ ದೊಡ್ಡವನಾಗದೆ ಮನೆಗೆ ಹೋಗಿ ಕೂರುವುದಿಲ್ಲ ಎಂದು ಅಲ್ಲೇ, ಮಜ್ಜಿಗೆ ಕಲಸುತ್ತಲೇ ತೀರ್ಮಾನಿಸಿದ.

ಸಾಮಾನು ಹೊಂಚುವುದು ಸುಲಭವಾಯಿತು. ಕಚೇರಿಯ ಉಗ್ರಾಣದ ಕೆಳಗಿನ ಕಪಾಟಿನಲ್ಲೊಂದು ಪೆಟ್ಟಿಗೆ, ಅದರ ಚೀಟಿಯನ್ನು ಇಲಿ ತಿಂದು ಎಷ್ಟೋ ಕಾಲವಾಗಿತ್ತು. ಒಳಗೆ ನಾಲ್ಕು ಹಸಿರುಕಲ್ಲಿನ ಕೊಡಲಿ. ನಂಬರಿಲ್ಲ, ಯಾವ ಪುಸ್ತಕದಲ್ಲೂ ದಾಖಲೆಯಿಲ್ಲ, ಕೇಳುವವರಿಲ್ಲ. ನಾಲ್ಕು ದಿನ ಸಂಜೆ ಇವನ ಊಟದ ಡಬ್ಬಿ, ಬೆಳಿಗ್ಗೆ ಬರುವಾಗ ಇದ್ದದ್ದಕ್ಕಿಂತ ಭಾರವಾಗಿ ಮನೆಗೆ ಹೋಯಿತು.

ಜಾಗ ಆರಿಸುವುದರಲ್ಲಿ ಇವನ ವಿದ್ಯೆಯೆಲ್ಲ ಕೆಲಸಕ್ಕೆ ಬಂತು. ದಡ್ಡನಾಗಿದ್ದರೆ ಇವತ್ತಿನ ನೀರಿನ ಅಂಚಲ್ಲಿ ಹೂಳುತ್ತಿದ್ದ. ಆ ಸೀಮೆಯಲ್ಲಿ ನೆಲ ಸಾವಿರಾರು ವರ್ಷಗಳಿಂದ ಮೇಲೇಳುತ್ತಿದೆ, ನೀರು ಹಿಂದೆ ಸರಿಯುತ್ತಿದೆ. ಅಂದಿನ ದಡ ಇಂದು ಪೈನ್ ಮರಗಳ ಇಳಿಜಾರಿನ ಅರ್ಧಕ್ಕಿದೆ. ಅಲ್ಲೊಂದು ಚಪ್ಪಟೆ ಮರಳುಜಾಗ ಗುರುತು ಮಾಡಿಕೊಂಡ.

ಕಳ್ಳರೆಲ್ಲ ಕತ್ತಲಿಗೆ ಕಾಯುತ್ತಾರೆ. ಇವನು ಕಾದದ್ದು ಹಿಮಕ್ಕೆ. ಆ ವರ್ಷದ ಸರ್ವೆಯ ಕೊನೆಯ ಭಾನುವಾರ, ಬಟ್ಟೆ ಒಗೆಸಲು ತಂಡವೆಲ್ಲ ಪೇಟೆಗೆ ಹೋಗಿದ್ದಾಗ, ಹಾಡುಹಗಲೇ ಸಲಿಕೆ ಹೊತ್ತು ಇಳಿಜಾರು ಹತ್ತಿದ. ಮುಂದಿನ ಬೇಸಿಗೆಯ ಹೊತ್ತಿಗೆ ಆರು ತಿಂಗಳ ಹಿಮ ಕೂತು ನೆಲದ ಗಾಯವನ್ನೆಲ್ಲ ಮಾಯಿಸಿರುತ್ತದೆ. ಪಾಚಿಯನ್ನು ಮುಚ್ಚಳದ ಹಾಗೆ ಕತ್ತರಿಸಿ ಎತ್ತಿಟ್ಟ. ಬೂದಿಬಣ್ಣದ ಮರಳು ಒಂದು ಟಾರ್ಪಾಲಿಗೆ, ಕೆಂಪು ಮರಳು ಇನ್ನೊಂದಕ್ಕೆ. ಕೊಡಲಿಯಿಡುವ ಆಳಕ್ಕಿಂತ ಒಂದು ಗೇಣು ಹೆಚ್ಚೇ ತೋಡಿ ಗಟ್ಟಿ ತಳ ಮುಟ್ಟಿದ. ಇಲ್ಲದಿದ್ದರೆ ಕೊಡಲಿಗಳ ಮೇಲೆ ಸಡಿಲ ಮಣ್ಣು, ಅಡಿಯಲ್ಲಿ ಗಟ್ಟಿ ಮಣ್ಣು; ಬಲ್ಲವರ ಕರಣೆಗೆ ಅಷ್ಟು ಸಾಕು, ಗುಟ್ಟು ರಟ್ಟು. ಈ ಉಪಾಯ ಹೊಳೆದದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡ.

ತಳ ಮುಟ್ಟಿದ ಮೇಲೆ ಉಳಿದದ್ದನ್ನು ಕೈಗಳೇ ನೋಡಿಕೊಂಡವು. ಇಪ್ಪತ್ತಾರು ವರ್ಷದ ಕೆಲಸಕ್ಕೆ ತಲೆ ಬೇಕಿರಲಿಲ್ಲ. ತಲೆ ಮಾವನ ಮನೆಯ ಗೋಡೆಗೆ ಹೊಸ ಮೊಳೆ ಹೊಡೆಯುತ್ತಿತ್ತು, ಷಡ್ಡಕನ ಫೋಟೋಗಿಂತ ಒಂದು ಗೇಣು ಮೇಲೆ. ಗೇಣು ಮಣ್ಣು ತುಂಬಿದ ಮೇಲೆ ನಾಲ್ಕೂ ಕೊಡಲಿಗಳನ್ನು ಒಂದೇ ಕಡೆಗೆ ಬಾಯಿ ಮಾಡಿ ಮಲಗಿಸಿದ, ಯಾರೋ ಈಗ ಬಂದೆ ಎಂದು ಹೇಳಿ ಅವಕ್ಕೆ ಮರದ ಕಾವು ತರಲು ಹೋದ ಹಾಗೆ. ಮುಚ್ಚಿದ. ಪಾಚಿ ಹೊದಿಸಿದ. ಶಿಳ್ಳೆ ಹಾಕುತ್ತ ಇಳಿದ.

ಮುಂದಿನ ಬೇಸಿಗೆ ಗುಂಡಿಗಳ ಸಾಲನ್ನು ಇವನೇ ಎಳೆದ. ಮೊದಲೆರಡು ಗುಂಡಿ ಎಂದಿನಂತೆ ಖಾಲಿ. ಮೂರನೆಯದರಲ್ಲಿ ಕರಣೆ ಟಣ್ ಎಂದಿತು. ಇವನ ಕೂಗಿಗೆ ತಂಡವೆಲ್ಲ ಓಡಿಬಂತು. ಕಚೇರಿಯ ಮುಖ್ಯಸ್ಥೆ ಏದುಸಿರು ಬಿಡುತ್ತ ಹತ್ತಿ ಬಂದು ಮಂಡಿಯೂರಿದರು. ಮಧ್ಯಾಹ್ನಕ್ಕೆ ಪತ್ರಿಕೆಯವನೂ ಬಂದ. ಷಡ್ಡಕ ಇವನನ್ನು ತಬ್ಬಿಕೊಂಡು ನಿಜವಾಗಿಯೂ ಅತ್ತುಬಿಟ್ಟ.

"ನಾನು ಮನೇಲಿ ಯಾವಾಗ್ಲೂ ಹೇಳ್ತಿದ್ದೆ ಅಣ್ಣಾ, ನಿಮ್ಮಂಥ ಕೆಲಸಗಾರನಿಗೆ ಸಿಗದೆ ಇನ್ಯಾರಿಗೆ ಸಿಗ್ಬೇಕು ಅಂತ! ಅತ್ತಿಗೆಗೆ ಫೋನ್ ಮಾಡ್ದೆ, ಈಗಲೇ ಬೀದಿಗೆಲ್ಲ ಹೇಳ್ಕೊಂಡು ಬರ್ತೀನಿ ಅಂದ್ರು."

ಇವನಿಗೂ ಕಣ್ಣು ತುಂಬಿತು. ಒಂದು ಕ್ಷಣ ಮನಸ್ಸು ಹುಳ್ಳಹುಳ್ಳಗಾದದ್ದು ನಿಜ, ಆದರೆ ಅಷ್ಟರಲ್ಲಿ ಫೋಟೋ ತೆಗೆಯುವವನು ನಗಲು ಹೇಳಿದ.

"ಇನ್ನು ಗುಂಡಿ ಮುಚ್ಚೋಣವಾ?" ಎಂದರು ಮುಖ್ಯಸ್ಥೆ.

"ಅದು ಹೇಗಾಗುತ್ತೆ ಮೇಡಂ? ಏನು ಸಿಕ್ಕರೂ ತಳ ಮುಟ್ಟದೆ ನಿಲ್ಲಿಸೋ ಹಾಗಿಲ್ಲ. ನಮ್ಮಣ್ಣನದೇ ನಿಯಮ!" ಎಂದ ಷಡ್ಡಕ. "ನೀವು ಕೂತ್ಕೊಳ್ಳಿ ಅಣ್ಣಾ, ಇವತ್ತು ನಾನು ಅಗೀತೀನಿ."

ಇವನು ಬಂಡೆಯ ಮೇಲೆ ಕೂತು ದೊಡ್ಡ ಮನಸ್ಸಿನಿಂದ ಕರಣೆ ಕೊಟ್ಟ. ಕೆಳಗಿರುವುದು ಬರೀ ಮರಳು. ಖಾಲಿ ಗುಂಡಿಯ ರುಚಿ ಒಮ್ಮೆ ಅವನಿಗೂ ಗೊತ್ತಾಗಲಿ.

ಷಡ್ಡಕ ಗೇಣುದ್ದ ಅಗೆದು ತಳ ಮುಟ್ಟಿಸಿದ. ಗುಂಡಿ ಮುಚ್ಚುವ ಹೊತ್ತಾಯಿತೆಂದು ಇವನ ಕೈ ತಾನಾಗಿಯೇ ಜೇಬಿಗಿಳಿದು ಈ ವರ್ಷದ ಹೊಸ ನಾಣ್ಯವೊಂದನ್ನು ಹೊರತೆಗೆಯಿತು. ತೆರೆದ ಅಂಗೈಯಲ್ಲಿ ಅದು ಫಳಫಳ ಹೊಳೆಯುವುದನ್ನು ಕಂಡಾಗ, ಹೋದ ವರ್ಷದ ಆ ಭಾನುವಾರ ತನ್ನ ಕೈಗಳು ತಲೆಯನ್ನು ಕೇಳದೆ ಮಾಡಿದ್ದೇನೆಂದು ಇವನಿಗೆ ನೆನಪಾಯಿತು. ಅಷ್ಟರಲ್ಲಿ ಷಡ್ಡಕ ಗುಂಡಿಯಿಂದ ಗುಂಡಗಿನದೇನನ್ನೋ ಹೆಕ್ಕಿ, ಪ್ಯಾಂಟಿಗೆ ಒರೆಸಿ, ಬಿಸಿಲಿಗೆ ಹಿಡಿದು ಇಸವಿ ಓದಿದ. "ಇದೇನಣ್ಣಾ, ಕೊಡಲಿಗಳ ಅಡೀಲಿ ಹೋದ ವರ್ಷದ ನಾಣ್ಯ?" ಎಲ್ಲರೂ ಮೊದಲು ಅವನ ಕೈಯಲ್ಲಿದ್ದದ್ದನ್ನು ನೋಡಿದರು, ಆಮೇಲೆ ಇವನ ಅಂಗೈಯಲ್ಲಿದ್ದದ್ದನ್ನು.