ಡಿಕ್ಕಿಯೊಳಗಿನ ರಾಡಿ

ಶಿಗ್ಗಾವಿಯ ಮೆಣಸಿನಕಾಯಿ ವ್ಯಾಪಾರಿ ದ್ಯಾಮಪ್ಪ ಅಂದು ನಮ್ಮ ಆಫೀಸಿನ ಬಾಗಿಲಲ್ಲೇ ನಿಂತಿದ್ದರು. ಜಯಶ್ರೀ ಅಕ್ಕ ಕುರ್ಚಿ ಎಳೆದರೂ ಕೂರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಅವರ ಅಂಗಳದಿಂದ ಕಾರು ಕಾಣೆಯಾಗಿ, ಸಂಜೆ ಹುಲಗೂರಿನ ದರ್ಗಾದ ಹತ್ತಿರ ಸಿಕ್ಕಿತ್ತು. ಮುಂಬಾಗಿಲು ಕಲ್ಲುಕಂಬಕ್ಕೆ ಉಜ್ಜಿ ನೆಗ್ಗಿತ್ತು.

"ತೌಹೀದನ ಒಯ್ದಾನ್ರಿ. ಒಂದು ಕೀಲಿ ನಮ್ಮನಿ ಮೊಳಿಗೆ ಐತಿ, ಇನ್ನೊಂದು ಅವನ ಕಡೆ. ಅವನ ಹೆಂಡತಿ ತವರೂ ಹುಲಗೂರ. ಸಂಜಿಕ ಠಾಣೆಗೆ ಹೋಗ್ತೇನಿ."

ತೌಹೀದ ಆಗಾಗ ಅವರ ಕಾರು ಓಡಿಸುವವ. ಉಳಿದಂತೆ ಶಾಲೆಯ ವ್ಯಾನಿನ ಡ್ರೈವರ್. ಠಾಣೆಯಲ್ಲಿ ಹೆಸರು ಬಿದ್ದರೆ ವ್ಯಾನಿನ ಕೆಲಸ ಅಂದೇ ಹೋಗುತ್ತಿತ್ತು.

ಅಪಘಾತದ ಗಾಡಿ ನೋಡಿ ವಿಮೆಯವರಿಗೆ ವರದಿ ಕೊಡುವುದು ಅಕ್ಕನ ಕಸುಬು, ಅದನ್ನು ಬರೆದುಕೊಳ್ಳುವುದು ನನ್ನದು. ಹೆಚ್ಚು ಮಾತಾಡಬೇಕಿಲ್ಲವೆಂದೇ ಡಿಗ್ರಿ ಮುಗಿಸಿ ಅವಳ ಬಳಿ ಸೇರಿದ್ದೆ. ಅಂದು ಮಾತ್ರ ಬರೆಯುತ್ತ ಬರೆಯುತ್ತ ಗಡಿಯಾರ ನೋಡುತ್ತಿದ್ದೆ. ಸಂಜೆ ಬೇಗ ಬಂದುಬಿಡುತ್ತದೆ ಎನಿಸುತ್ತಿತ್ತು.

ಕಾರು ಹುಲಗೂರಲ್ಲೇ ನಿಂತಿತ್ತು; ದ್ಯಾಮಪ್ಪನ ಜೊತೆ ನಾವಿಬ್ಬರೂ ಅಲ್ಲಿಗೆ ಹೋದೆವು. ದುಬಾರಿಯದಲ್ಲ; ಆದರೆ ಡಿಕ್ಕಿ ಇರುವ ಕಾರೇ ಬೇಕೆಂದು ದ್ಯಾಮಪ್ಪ ವರ್ಷಗಟ್ಟಲೆ ಕಾದು ಕೊಂಡದ್ದು. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಕೂರುವವರು ಚಪ್ಪಲಿ ಬಿಚ್ಚಿ ಡಿಕ್ಕಿಯಲ್ಲಿಟ್ಟೇ ಹತ್ತಬೇಕೆಂಬುದು ಅವರ ಕಟ್ಟಳೆ. ಓಡಿಸುವವರಿಗಷ್ಟೇ ಮಾಫಿ. ಓಡಿಸುವವರು ದ್ಯಾಮಪ್ಪ, ಮಗ ಚನ್ನೇಶ ಮತ್ತು ತೌಹೀದ.

ಹಿಂದಿನ ದಿನ ಬೆಳಗ್ಗೆ ಮಳೆಯಾಗಿ ದ್ಯಾಮಪ್ಪನ ಅಂಗಳವೆಲ್ಲ ಎರೆಮಣ್ಣಿನ ರಾಡಿಯಾಗಿತ್ತು. ಅಕ್ಕ ಡ್ರೈವರ್ ಬದಿಯ ಮ್ಯಾಟ್ ಎತ್ತಿದಳು. ಹಳೆಯ ದೂಳಷ್ಟೇ. ಡಿಕ್ಕಿ ತೆರೆದಳು. ಹಾಸಿದ ಗೋಣಿತಟ್ಟಿನ ಮೇಲೆ ಒಂದೇ ಜೊತೆ ಚಪ್ಪಲಿಯ ರಾಡಿ ಒಣಗಿತ್ತು. ಮನೆಮಂದಿಯನ್ನೂ ತೌಹೀದನನ್ನೂ ಕರೆಸಲು ಹೇಳಿದಳು.

ಟಂಟಂ ಆಟೋದಿಂದ ಚನ್ನೇಶ, ಅವನ ತಾಯಿ ಶಿವಬಸವ್ವ, ತೌಹೀದ ಇಳಿದರು. ತೌಹೀದ ಯಾರ ಮುಖವನ್ನೂ ನೋಡಲಿಲ್ಲ.

"ಓಡಸಾವಾಗ ಚಪ್ಪಲಿ ಬಿಚ್ಚತೀಯೇನೋ ಚನ್ನೇಶ?" ಎಂದು ಅಕ್ಕ ಕೇಳಿದಳು.

"ಬರಿಗಾಲಾಗ ಯಾರ್ ಓಡಸ್ತಾರಕ್ಕ? ನೀವೂ ಚಲೋ ಕೇಳ್ತೀರಿ."

ಅಕ್ಕ ನಗಲಿಲ್ಲ. ಹೊರಗಿನ ಕಳ್ಳ ಚಪ್ಪಲಿ ಇಡಲು ಡಿಕ್ಕಿ ತೆರೆಯುವುದಿಲ್ಲ ಎಂದಳು. ದಿನಾ ಓಡಿಸುವ ಮೂವರಲ್ಲಿ ಯಾರೇ ಒಯ್ದಿದ್ದರೂ ರಾಡಿ ಮ್ಯಾಟಿನ ಮೇಲಿರಬೇಕಿತ್ತು. ಒಯ್ದವರು ಮನೆಯವರೇ, ಆದರೆ ಮುಂದೆ ಕೂತು ರೂಢಿಯಿಲ್ಲದವರು. ಸ್ಟೇರಿಂಗ್ ಹಿಡಿಯಲು ಹೊರಟಾಗಲೂ ರೂಢಿಯಂತೆ ಕೈ ಮೊದಲು ಡಿಕ್ಕಿಗೆ ಹೋಗಿದೆ. ಕೀಲಿ ಮನೆಯ ಮೊಳೆಯದೇ. ಮತ್ತೆ ಅಲ್ಲಿಗೇ ಸೇರಿದೆ.

"ನಿಮ್ಮನ್ಯಾಗ ಯಾವಾಗಲೂ ಹಿಂದ ಕುಂದ್ರಾವ್ರು ಯಾರ್ರಿ, ದ್ಯಾಮಪ್ಪಣ್ಣ?"

ದ್ಯಾಮಪ್ಪ ಬಾಯಿ ತೆರೆಯುವ ಮೊದಲೇ ಶಿವಬಸವ್ವ, "ನಾನ ಒಯ್ದೇನಿ," ಎಂದರು.

ಮಧ್ಯಾಹ್ನಗಳಲ್ಲಿ ತೌಹೀದನೇ ಕಲಿಸಿದ್ದ. ಕಲಿತರೆ ತಾನೇ ಓಡಿಸಿಕೊಂಡು ಬಂದು ದರ್ಗಾಕ್ಕೆ ಸಕ್ಕರೆ ಒಯ್ದು ಫಾತಿಹಾ ಓದಿಸುತ್ತೇನೆಂದು ಹರಕೆ ಹೊತ್ತಿದ್ದರಂತೆ. ತಿರುವಿನಲ್ಲಿ ಕಂಬಕ್ಕೆ ಉಜ್ಜಿತು, ಕಾರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿ ಮನೆಗೆ ಬಂದರು. ಗಂಡನಿಗೆ ಹೇಳಲು ಧೈರ್ಯವಾಗದೆ ಕೀಲಿಯನ್ನು ಮೊಳೆಗೆ ಹಾಕಿದ್ದರು.

ದ್ಯಾಮಪ್ಪ ತೌಹೀದನತ್ತ ತಿರುಗಿದರು. "ಗೊತ್ತಿದ್ರೂ ಯಾಕ ಹೇಳಲಿಲ್ಲೋ?"

"ಅವ್ವಾರು ತಾವ ಹೇಳಲಿ ಅಂತ ಸುಮ್ನಿದ್ನಿರಿ."

ದ್ಯಾಮಪ್ಪ ನೆಗ್ಗಿದ ಬಾಗಿಲ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಕೀಲಿಯನ್ನು ತೌಹೀದನಿಗೆ ಚಾಚಿದರು. ಅವನು ತೆಗೆದುಕೊಳ್ಳದೆ ಶಿವಬಸವ್ವನ ಕಡೆ ನೋಡಿ, ಡ್ರೈವರ್ ಪಕ್ಕದ ಸೀಟಿನ ಎಡಬಾಗಿಲಿಗೆ ಹೋಗಿ ನಿಂತ. ಕೀಲಿ ಶಿವಬಸವ್ವನ ಕೈ ಸೇರಿತು. ಅವರು ನೇರ ಡಿಕ್ಕಿಯತ್ತ ನಡೆದು, ಚಪ್ಪಲಿ ಬಿಚ್ಚಲು ಬಾಗಿದರು.

"ಬ್ಯಾಡ್ರಿ," ಎಂದೆ. ಧ್ವನಿ ನನ್ನದೇ ಎಂದು ಆಮೇಲೆ ತಿಳಿಯಿತು. "ಮೆಟ್ಟಿಕೊಂಡ ಕುಂದರ್ರಿ."

ಅವರು ಹಾಗೆಯೇ ಹೋಗಿ ಸ್ಟೇರಿಂಗ್ ಮುಂದೆ ಕೂತರು. ದ್ಯಾಮಪ್ಪ ತಮ್ಮ ಚಪ್ಪಲಿ ಬಿಚ್ಚಿ ಗೋಣಿತಟ್ಟಿನ ಮೇಲಿಟ್ಟು, ಡಿಕ್ಕಿ ಮುಚ್ಚಿ, ಬರಿಗಾಲಲ್ಲಿ ಹಿಂದಿನ ಸೀಟಿಗೆ ಹತ್ತಿದರು.