ನರ್ಸಮ್ಮನ ಚೀಟಿಯಲ್ಲಿದ್ದ ಅಂಕಿಗಳು

ಎರಡು ಕ್ಯಾಮೆರಾ ಕೊಂಡಿದ್ದಕ್ಕೆ ಧನ್ಯವಾದ ಹೇಳುವ ಸಂದೇಶ ಫೋನಿಗೆ ಬಂದಾಗ, ನಿವೃತ್ತ ಗ್ರಂಥಪಾಲಕಿ ಮಂಡಿಯ ಆಪರೇಷನ್ ಮುಗಿಸಿಕೊಂಡು ಮಂಚ ಹಿಡಿದಿದ್ದರು. ಅವರ ಕ್ರೆಡಿಟ್ ಕಾರ್ಡಿನ ನಂಬರ್ ಕದ್ದು, ಒಟಿಪಿ ಕೇಳದ ಆನ್‌ಲೈನ್ ಅಂಗಡಿಯೊಂದರಲ್ಲಿ ಯಾರೋ ಖರೀದಿ ಮಾಡಿದ್ದರು.

ಮಹಿಳಾ ಸಬ್ ಇನ್‌ಸ್ಪೆಕ್ಟರ್ ಒಬ್ಬ ಕಾನ್‌ಸ್ಟೇಬಲ್ ಜೊತೆ ಬರುವಷ್ಟರಲ್ಲಿ ಮನೆಯಲ್ಲಿ ತೀರ್ಪೇ ಆಗಿಹೋಗಿತ್ತು. ದಿನಾ ಬಂದು ಕಾಲಿಗೆ ವ್ಯಾಯಾಮ ಮಾಡಿಸುವ ನರ್ಸಮ್ಮ ಬಾಗಿಲ ಬಳಿ ನಿಂತಿದ್ದರು. ಕೂರಿ ಎಂದು ಯಾರೂ ಹೇಳಿರಲಿಲ್ಲ. ಇನ್‌ಸ್ಪೆಕ್ಟರ್ ಮೊದಲು ಒಂದು ಕುರ್ಚಿ ಎಳೆದು ಅವರತ್ತ ಸರಿಸಿದರು.

"ಕಳ್ಳಿಗೆ ಸಿಂಹಾಸನ ಬೇರೆ!" ಗ್ರಂಥಪಾಲಕಿಯ ತಂಗಿಯ ಮಗ ಗೊಣಗಿದ. "ಕಣ್ಣಾರೆ ನೋಡಿದೀನಿ ಮೇಡಂ. ದೊಡ್ಡಮ್ಮ ನಿದ್ದೆ ಮಾಡ್ತಿದ್ರು. ಇವಳು ಕಾರ್ಡ್ ಹಿಡ್ಕೊಂಡು ಅದರ ಮೇಲಿನ ನಂಬರ್ ಬರ್ಕೋತಿದ್ಲು. ಚೀಟಿ ಬ್ಯಾಗಲ್ಲೇ ಇದೆ."

"ಈ ಹೆಸರು ಅಂಟಿದ್ರೆ ಇನ್ಯಾವ ಮನೆಯವರೂ ನನ್ನ ಒಳಗೆ ಬಿಟ್ಕೊಳ್ಳಲ್ಲ ಮೇಡಂ" ಎಂದರು ನರ್ಸಮ್ಮ. ಚೀಟಿಯನ್ನು ತಾವೇ ತೆಗೆದುಕೊಟ್ಟರು.

*

೫೫, ೬೦, ೬೨, ೭೦.

"ಏನಿದು?" ಇನ್‌ಸ್ಪೆಕ್ಟರ್ ಕೇಳಿದರು.

"ಅಮ್ಮನ ಮಂಡಿ ದಿನಾ ಎಷ್ಟು ಡಿಗ್ರಿ ಮಡಚ್ತು ಅಂತ. ತೊಂಬತ್ತಾದ ದಿನ ತೋರಿಸಿ ಖುಷಿಪಡಿಸೋಣ ಅಂತಿದ್ದೆ."

ಗ್ರಂಥಪಾಲಕಿ ಮುಖ ತಗ್ಗಿಸಿದರು.

"ಇನ್ನೊಂದು ಚೀಟಿ ಇರುತ್ತೆ ಬಿಡಿ" ಎಂದ ತಂಗಿಯ ಮಗ.

"ಕಾರ್ಡ್ ಎಲ್ಲಿದೆ ಅಮ್ಮ?" ಇನ್‌ಸ್ಪೆಕ್ಟರ್ ಗ್ರಂಥಪಾಲಕಿಯನ್ನು ಕೇಳಿದರು.

"ಬೀರುವಿನಲ್ಲಿ, ಬ್ಯಾಂಕಿನ ಲಕೋಟೆಯಲ್ಲೇ. ಅಂಗಡಿಯಲ್ಲಿ ಫೋನ್ ತಾಗಿಸಿದ್ರೆ ಸಾಕಲ್ಲ, ಕಾರ್ಡ್ ಯಾರು ತೆಗೀತಾರೆ?"

ಇನ್‌ಸ್ಪೆಕ್ಟರ್ ಕಾರ್ಡನ್ನು ಲಕೋಟೆಯಿಂದ ತೆಗೆದು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ತಂಗಿಯ ಮಗನಿಗೆ ಕೊಟ್ಟರು.

"ನಂಬರ್ ಓದಪ್ಪ."

ಮುಂಭಾಗದಲ್ಲಿ ದೊಡ್ಡಮ್ಮನ ಹೆಸರು, ಬ್ಯಾಂಕಿನ ಗುರುತು. ಹಿಂಭಾಗ ನುಣ್ಣಗೆ ಖಾಲಿ. ಅವನು ಮತ್ತೊಮ್ಮೆ ತಿರುಗಿಸಿ ನೋಡಿದ.

*

"ಇದು ಫೋನಲ್ಲಿ ಬಳಸೋಕೆ ಅಂತಲೇ ಮಾಡಿರೋ ಕಾರ್ಡ್" ಎಂದರು ಇನ್‌ಸ್ಪೆಕ್ಟರ್. "ನಂಬರ್ ಇರೋದು ಬ್ಯಾಂಕಿನ ಆಪ್‌ನಲ್ಲಿ ಮಾತ್ರ. ಪಿನ್ ಹಾಕಿದ್ರೇನೇ ಕಾಣುತ್ತೆ. ಪಿನ್ ಯಾರಿಗೆ ಗೊತ್ತಮ್ಮ?"

ಗ್ರಂಥಪಾಲಕಿ ತಂಗಿಯ ಮಗನತ್ತ ತಿರುಗಿದರು. "ಆಪ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಡು ಅಂತ ಭಾನುವಾರ ಇವನಿಗೆ ಹೇಳಿದ್ದೆ. ಪಿನ್ ಹೇಳಿದ್ದು ಇವನೊಬ್ಬನಿಗೇ."

"ನಂಬರನ್ನ ನೀನು ಫೋನಲ್ಲಿ ನೋಡಿದೆ. ಕಾರ್ಡ್ ಮೇಲೂ ಇರುತ್ತೆ ಅಂದ್ಕೊಂಡೆ. ಕಾರ್ಡ್ ಒಂದು ಸಲ ನೋಡಿದ್ರೂ ಈ ಸುಳ್ಳು ಹೇಳ್ತಿರ್ಲಿಲ್ಲ. ಕ್ಯಾಮೆರಾ ಯಾವ ವಿಳಾಸಕ್ಕೆ ಹೋಯ್ತು ಅಂತ ಅಂಗಡಿಯವರನ್ನ ಕೇಳ್ಲಾ, ನೀನೇ ಹೇಳ್ತೀಯಾ?"

"ಗೆಳೆಯನ ಮನೆಗೆ" ಎಂದ ಅವನು, ನೆಲ ನೋಡುತ್ತ.

ಕಾನ್‌ಸ್ಟೇಬಲ್ ಅವನನ್ನು ಹೊರಗೆ ಕರೆದೊಯ್ದ. ನರ್ಸಮ್ಮ ಬ್ಯಾಗ್ ಹೆಗಲಿಗೇರಿಸಿದರು.

"ನಾಳೆ ಬರ್ತೀಯಾ ತಾಯಿ?" ಗ್ರಂಥಪಾಲಕಿ ಕೇಳಿದರು.

"ಒಂದು ಮಾತು ನನ್ನನ್ನೇ ಕೇಳಬಹುದಿತ್ತಮ್ಮ ನೀವು."

"ಕೇಳಬೇಕಿತ್ತು. ತಪ್ಪಾಯ್ತು."

ನರ್ಸಮ್ಮ ಹೊಸ್ತಿಲಲ್ಲಿ ನಿಂತು ಯೋಚಿಸಿದರು. ಇನ್‌ಸ್ಪೆಕ್ಟರ್ ಯಾರ ಪರವಾಗಿಯೂ ಮಾತಾಡಲಿಲ್ಲ. ಅದು ಅವರಿಬ್ಬರ ಲೆಕ್ಕ.

"ಹತ್ತಕ್ಕಲ್ಲ, ಒಂಬತ್ತಕ್ಕೇ ಬರ್ತೀನಿ" ಎಂದರು ನರ್ಸಮ್ಮ ಕೊನೆಗೆ. "ಇವತ್ತಿನ ವ್ಯಾಯಾಮ ಬಾಕಿ ಉಳೀತಲ್ಲ."