ಹೆಣ್ಣು ಕೇಳಲು ಬಂದ ಗಂಡ

ಹೆಸರು ಕರೆದಾಗ ವಾಸಿತಿ ಎದ್ದು ಹೋದಳು. ಮಿಲ್ಡುರಾದ ಮೇಯರಮ್ಮ ಕೈಕುಲುಕಿ, ಆಸ್ಟ್ರೇಲಿಯಾದ ಪೌರತ್ವ ಪತ್ರದ ಜೊತೆಗೆ ಪುಟ್ಟ ಕುಂಡದಲ್ಲಿ ಒಂದು ನೀಲಗಿರಿ ಸಸಿಯನ್ನೂ ಕೊಟ್ಟರು. ಚಪ್ಪಾಳೆ ಬಿತ್ತು. ಫೋಟೋ ತೆಗೆಯಬೇಕಾದ ಗಂಡನ ಕುರ್ಚಿ ಮಾತ್ರ ಖಾಲಿ.

"ಎಲ್ಲಿ ನಿನ್ನ ಗ್ಲೆನ್?" ಕಿತ್ತಳೆ ಪ್ಯಾಕಿಂಗ್ ಶೆಡ್ಡಿನ ಗೆಳತಿ ಶಾರ್ಲೀನ್ ಕಣ್ಣು ಮಿಟುಕಿಸಿದಳು. "ಕಾಗದ ಕೈಗೆ ಸಿಕ್ತಲ್ಲ, ಇನ್ನು ಗಂಡ ಯಾಕೆ ಅಂತ ಓಡಿಸಿಬಿಟ್ಯಾ?"

ಆರು ವರ್ಷದಿಂದ ಕೇಳುತ್ತಿದ್ದ ಕುಹಕವೇ. ವಾಸಿತಿ ಎಂದಿನಂತೆ ನಕ್ಕಳು. "ಅವನು ಸುಡೋ ಸಾಸೇಜ್ ತಿಂದಿದ್ದಕ್ಕೇ ನಂಗೆ ಇನ್ನೊಂದು ಪೌರತ್ವ ಕೊಡ್ಬೇಕು ಕಣೇ."

ಫಿಜಿಯಿಂದ ಬಂದಿದ್ದ ಅವಳ ಕೆಲಸದ ವೀಸಾ ಮುಗಿಯಲು ಮೂರೇ ವಾರ ಇದ್ದಾಗ ಗಡಿಬಿಡಿಯಲ್ಲಿ ಆದ ಮದುವೆ. ರಿಜಿಸ್ಟ್ರಾರ್ ಮುಂದೆ ಎರಡು ಸಹಿ, ಆಮೇಲೆ ಬೇಕರಿಯಲ್ಲಿ ತಿಂದ ಎರಡು ಪೈ. ಬಳಿಕ ವೀಸಾದವರು ಎಲ್ಲವನ್ನೂ ಕೇಳಿದ್ದರು: ಗಂಡ ಹಾಸಿಗೆಯ ಯಾವ ಕಡೆ ಮಲಗುತ್ತಾನೆ, ಚಹಾಕ್ಕೆ ಎಷ್ಟು ಸಕ್ಕರೆ. ಪ್ರೀತಿ ಇದೆಯಾ ಎಂದು ಗ್ಲೆನ್ ಮಾತ್ರ ಒಮ್ಮೆಯೂ ಕೇಳಲಿಲ್ಲ. ಅವನ ಬೆನ್ನು ನೋಡಿಯೇ ಕರಗುತ್ತಿದ್ದ ಇವಳೂ ಹೇಳಲಿಲ್ಲ.

ಸಮಾರಂಭ ಮುಗಿಸಿ ಹೊರಗೆ ಬಂದು, ಸಸಿ ಇಡಲೆಂದು ಗ್ಲೆನ್‌ನ ವ್ಯಾನಿನ ಬಾಗಿಲು ತೆರೆದಳು. ಸೀಟಿನ ಮೇಲೆ ಅವಳ ಹೆಸರಿದ್ದ ಲಕೋಟೆ. ಒಳಗೆ ವಿಚ್ಛೇದನದ ಅರ್ಜಿ. ಕೆಳಗೆ ಗ್ಲೆನ್‌ನ ಸಹಿ.

ಕುಂಡ ಕೈಜಾರಿ ಒಡೆದು ಮಣ್ಣೆಲ್ಲ ಚೆಲ್ಲಿತು. ಹಾಗಾದರೆ ಊರಿನವರ ಮಾತನ್ನು ಇವನೂ ನಂಬಿದ್ದನೇ? ಇಷ್ಟು ದಿನ ಕಾದು, ಕರ್ತವ್ಯ ಮುಗಿಯಿತೆಂದು ಕೈತೊಳೆದುಕೊಂಡನೇ?

"ವಾಸಿತಿ."

ತಿರುಗಿದಳು. ಪಂಪ್ ರಿಪೇರಿ ಮಾಡುವ ಆರಡಿ ಗ್ಲೆನ್, ಫಿಜಿ ಗಂಡಸರ ಸುಲು ಪಂಚೆಯನ್ನು ಹೇಗೋ ಸೊಂಟಕ್ಕೆ ಸುತ್ತಿಕೊಂಡು ನಿಂತಿದ್ದ. ಪಕ್ಕದಲ್ಲಿ ಅವಳ ಸೋದರಮಾವ ಇಲಾಇತಿಯಾ. ಅವಳು ಬಾಯಿ ತೆರೆಯುವ ಮುನ್ನವೇ ಗ್ಲೆನ್ ಕಾರುಗಳ ನಡುವೆ ಮೊಣಕಾಲೂರಿ, ಹೆಣೆದ ಹಗ್ಗ ಕಟ್ಟಿದ್ದ ತಿಮಿಂಗಿಲದ ಹಲ್ಲನ್ನು ಅವಳ ಕೈಗಿಟ್ಟ.

ವಾಸಿತಿ ಬೆಚ್ಚಿಬಿದ್ದಳು. "ಅಯ್ಯೋ! ಇದನ್ನ ಹುಡುಗಿ ಕೈಗೇ ಯಾರಾದ್ರೂ ಕೊಡ್ತಾರಾ? ನಮ್ಮಲ್ಲಿ ಇದನ್ನ ಮಾವನ ಮುಂದಿಟ್ಟು ಹೆಣ್ಣು ಕೇಳ್ಬೇಕು!"

"ಬೆಳಿಗ್ಗೆಯಿಂದ ನಾಲ್ಕು ಸಲ ಹೇಳ್ಕೊಟ್ಟೆ ಕಣಮ್ಮ," ಮಾವ ಹಣೆ ಚಚ್ಚಿಕೊಂಡ.

"ಗೊತ್ತು," ಎಂದ ಗ್ಲೆನ್. "ಆದ್ರೆ ಮೊದಲು ನಿನ್ನನ್ನೇ ಕೇಳ್ಬೇಕಿತ್ತು. ಆವತ್ತು ಕೇಳಿದ್ರೆ ಬೇಡ ಅನ್ನೋಕೆ ನಿಂಗೆ ದಾರಿ ಇರ್ಲಿಲ್ಲ. ಇವತ್ತು ಇದೆ, ಅದಕ್ಕೇ ಸೀಟಿನ ಮೇಲೆ ಆ ಅರ್ಜಿ ಇಟ್ಟೆ. ನಾನಂತೂ ಮೊದಲ ದಿನದಿಂದ ನಿನ್ನ ಪ್ರೀತಿಸ್ತಿದೀನಿ. ಈ ಹಲ್ಲೋ ಆ ಅರ್ಜಿಯೋ, ಎರಡರಲ್ಲಿ ಯಾವುದು ಬೇಕೋ ಇಟ್ಕೋ."

ಅವಳ ಮಾತಿನ ಜೊತೆಗೇ ಅಳುವೂ ಬಂತು.

"ಪೆದ್ದಾ! ಪಾಸ್‌ಪೋರ್ಟಿಗೋಸ್ಕರ ಯಾರಾದ್ರೂ ಆರು ವರ್ಷ ನಿನ್ನ ಸಾಸೇಜ್ ತಿಂತಾರಾ?"

ಕಣ್ಣೊರೆಸಿಕೊಂಡು ಮಾವನ ಮುಂದೆ ಕುಳಿತು, ಎರಡೂ ಕೈಯಲ್ಲಿ ಹಲ್ಲನ್ನು ಚಾಚಿದಳು. "ನೀವೇ ತಗೊಳ್ಳಿ ಮಾವ. ಇವನು ಕೇಳಿದಾನೆ."

ಮಾವ ಪದ್ಧತಿಯಂತೆ ಅದನ್ನು ಮೂಗಿಗೆ ಒತ್ತಿಕೊಂಡು ಗಂಭೀರವಾಗಿ ಹೇಳಿದ: "ಹೂಂ, ಕೊಟ್ಟೆ. ಸದ್ಯ, ಈಗಲಾದ್ರೂ ಕೇಳಿದ್ಯಲ್ಲಪ್ಪ!"

ವಾಸಿತಿ ನೆಲದ ಮಣ್ಣನ್ನು ಬಾಚಿ, ಸಸಿಯ ಬೇರಿಗೆ ಒತ್ತಿ, ವಿಚ್ಛೇದನದ ಅರ್ಜಿಯಲ್ಲಿ ಬಿಗಿಯಾಗಿ ಸುತ್ತಿದಳು.

"ಏಳು ಮಾರಾಯ," ಎಂದಳು ಗಂಡನಿಗೆ. "ಮನೆಗೆ ಹೋಗಿ ಇದನ್ನ ನೆಡೋಣ."